ಗಾಬರಿ ಬೇಡ, ಹಸಿರು ಬಟನ್ ಒತ್ತಿ

ಒಮಾನಿನ ಕನ್ನಡಿಗರಲ್ಲಿ ಜಾತಿಭೇದ ಇಲ್ಲವೆಂದು ಪ್ರತಿ ನವೆಂಬರಿನಲ್ಲೂ ವೇದಿಕೆಯ ಮೇಲಿಂದ ಯಾರಾದರೊಬ್ಬರು ಹೇಳುತ್ತಾರೆ. ಆ ಮಾತು ಮುಗಿಯುವ ಹೊತ್ತಿಗೆ ಮೈಕು ಕೈಕೊಡುತ್ತದೆ. ಲ್ಯಾಪ್‌ಟಾಪಿನಲ್ಲಿದ್ದ ನಾಡಗೀತೆ ಪರದೆಯ ಮೇಲೆ ಬರಲು ಒಪ್ಪುವುದಿಲ್ಲ. ಆಗ ಸಭೆ ತನ್ನಿಂತಾನೇ ಎರಡು ಜಾತಿಯಾಗಿ ಒಡೆಯುತ್ತದೆ. ಒಂದು, "ರೀಸ್ಟಾರ್ಟ್ ಮಾಡಿ ನೋಡಿದಿರಾ?" ಎಂದು ಕೇಳುವ ಜಾತಿ. ಇನ್ನೊಂದು, ರೀಸ್ಟಾರ್ಟ್ ಮಾಡಿ ಮಾಡಿ ಸಾಕಾಗಿರುವ ಜಾತಿ. ಇವರ ನಡುವೆ ಸಹಪಂಕ್ತಿ ಭೋಜನ ನಡೆಯುತ್ತದೆ, ಹೆಣ್ಣು ಕೊಟ್ಟು ತರುವುದೂ ನಡೆಯುತ್ತದೆ. ಮಾತು ಮಾತ್ರ ನಡೆಯುವುದಿಲ್ಲ.

ಮೊದಲ ಜಾತಿಯವರ ಪುಣ್ಯಕ್ಷೇತ್ರ ರುಸೈಲಿನಲ್ಲಿದೆ. ನಾಲೆಡ್ಜ್ ಓಯಸಿಸ್ ಮಸ್ಕತ್ ಎಂದು ಹೆಸರು. 2003ರಿಂದ ಇರುವ ತಂತ್ರಜ್ಞಾನ ಪಾರ್ಕು. ಓಯಸಿಸ್ ಅಂದಮೇಲೆ ಸುತ್ತ ಮರಳಿರಲೇಬೇಕಲ್ಲ, ಇದೆ. ಅಲ್ಲಿ ಜಾಗ ಸಿಗದವರು ಬೌಶರ್, ಘಾಲಾ ಕಡೆಯ ಕಚೇರಿಗಳ ಸರ್ವರ್ ಕೋಣೆಗಳಲ್ಲಿ ಸ್ವೆಟರ್ ಹಾಕಿಕೊಂಡು ಕೂತಿರುತ್ತಾರೆ, ಹೊರಗೆ ನಲವತ್ತೈದು ಡಿಗ್ರಿ ಬಿಸಿಲಿರುವಾಗ. ಎರಡನೆಯ ಜಾತಿ ಆ ನಲವತ್ತೈದು ಡಿಗ್ರಿಯಲ್ಲೇ ಇದೆ: ರೂವಿಯ ಹೋಟೆಲುಗಳ ಅಡುಗೆಮನೆಯಲ್ಲಿ, ಹಮ್ರಿಯಾದ ಒಂದೇ ಕೋಣೆಯ ಆರು ಮಂಚಗಳಲ್ಲಿ, ವಾದಿ ಕಬೀರಿನ ಗ್ಯಾರೇಜುಗಳಲ್ಲಿ, ಬರ್ಕಾದ ತೋಟಗಳಲ್ಲಿ, ಸೋಹಾರಿನ ಬಂದರಿನಲ್ಲಿ. ಕುಂದಾಪುರ, ಭಟ್ಕಳ, ಪುತ್ತೂರು, ಕಾಸರಗೋಡು, ಕಲಬುರಗಿ; ಊರು ಯಾವುದೇ ಇರಲಿ, ಇವರ ಕೈಯಲ್ಲೂ ಫೋನಿದೆ. ಮಗಳ ನಾಮಕರಣದಿಂದ ಹಿಡಿದು ಅಪ್ಪನ ಬೊಜ್ಜದವರೆಗೆ ಮನೆಯ ಎಲ್ಲ ಕಾರ್ಯಗಳನ್ನೂ ಇವರು ನೋಡಿದ್ದು ಅಂಗೈಯಗಲದ ಆ ಪರದೆಯಲ್ಲೇ. ಆದರೂ ಇವರನ್ನು "ಟೆಕ್ನಾಲಜಿ ಗೊತ್ತಿಲ್ಲದವರು" ಎನ್ನುತ್ತಾರೆ. ಹೇಳುವವರು ತಮ್ಮ ಫೋನಿನಲ್ಲಿ ಮಾಡುವ ಮುಖ್ಯ ಕೆಲಸ ರೀಲ್ಸ್ ನೋಡುವುದು.

ಒಮಾನ್ ಸರ್ಕಾರ ಈ ವಿಷಯದಲ್ಲಿ ಬೇಗನೇ ಎದ್ದಿತ್ತು. 2006ರಲ್ಲಿ ಮಾಹಿತಿ ತಂತ್ರಜ್ಞಾನ ಪ್ರಾಧಿಕಾರ ಬಂತು. 2008ರಲ್ಲಿ ವಿದ್ಯುನ್ಮಾನ ವ್ಯವಹಾರಗಳ ಕಾನೂನು ಬಂತು. 2020ರಲ್ಲಿ ಸಾರಿಗೆ, ಸಂಪರ್ಕ, ಮಾಹಿತಿ ತಂತ್ರಜ್ಞಾನ ಮೂರನ್ನೂ ಒಂದೇ ಸಚಿವಾಲಯದ ಕೆಳಗೆ ತಂದರು. ವೀಸಾ, ಬತಾಕ ಎಂಬ ಗುರುತಿನ ಚೀಟಿ, ಗಾಡಿಯ ನೋಂದಣಿಯಾದ ಮುಲ್ಕಿಯಾ, ಟ್ರಾಫಿಕ್ ದಂಡ, ಎಲ್ಲಕ್ಕೂ ಈಗ ಆನ್‌ಲೈನ್ ದಾರಿ ಇದೆ. ಗುಮಾಸ್ತನ ಮುಂದೆ ಕೈಕಟ್ಟಿ ನಿಲ್ಲುವ ಕಾಲ ಮುಗಿಯಿತು ಎಂದು ಮೊದಲ ಜಾತಿ ಸಂಭ್ರಮಿಸುತ್ತದೆ. ಮುಗಿದದ್ದು ನಿಜ. ಈಗ ಸನದ್ ಕಚೇರಿಯ ಮುಂದೆ ನಿಲ್ಲುವ ಕಾಲ.

ಸನದ್ ಕಂಡಿರದ ಊರಿನ ಓದುಗರಿಗಾಗಿ ಎರಡು ಮಾತು. ಲಾಂಡ್ರಿಗೂ ಕಾಫಿ ಶಾಪಿಗೂ ನಡುವೆ ಒಂದು ಚಿಕ್ಕ ಕೋಣೆ. ಒಳಗೆ ಎರಡೋ ಮೂರೋ ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಕಪ್ಪು ಅಬಾಯಾ ತೊಟ್ಟ ಒಮಾನಿ ಹೆಣ್ಣುಮಕ್ಕಳು. ಒಮಾನಿ ಯುವಜನರಿಗೆ ಸ್ವಂತ ಉದ್ಯೋಗ ಒದಗಿಸಲೆಂದು ಹುಟ್ಟಿದ ಯೋಜನೆ. ನಮ್ಮಲ್ಲಿ ಗ್ರಾಮ ಒನ್ ಕೇಂದ್ರ ಮಾಡುವಂಥ ಕೆಲಸ: ಸರ್ಕಾರದ ಆನ್‌ಲೈನ್ ಅರ್ಜಿಯನ್ನು ನಿಮ್ಮ ಪರವಾಗಿ ಅರಬ್ಬಿಯಲ್ಲಿ ತುಂಬಿ, ಶುಲ್ಕ ಪಡೆದು, ಕಳಿಸುವುದು. ಅಂದರೆ ಕಚೇರಿ ತನ್ನ ಗುಮಾಸ್ತನ ಕೆಲಸವನ್ನು ಅರ್ಜಿದಾರನಿಗೆ ವಹಿಸಿತು, ಅರ್ಜಿದಾರ ಅದನ್ನು ಸನದಿಗೆ ವಹಿಸಿದ, ಗುಮಾಸ್ತ ಪಕ್ಕದ ಬೀದಿಗೆ ಬಂದು ಕೂತ. ಕಾಗದವೇ ಬೇಡದ ಆಡಳಿತಕ್ಕೆ ಅರ್ಜಿ ಹಾಕಲು ಬಂದವರ ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರಲ್ಲಿ ಪಾಸ್‌ಪೋರ್ಟಿನ ಜೆರಾಕ್ಸ್, ಬತಾಕದ ಎರಡೂ ಬದಿಯ ಜೆರಾಕ್ಸ್, ಒಂದಿರಲಿ ಎಂದು ಜೆರಾಕ್ಸಿನ ಜೆರಾಕ್ಸ್.

ಮೊದಲ ಜಾತಿಗೆ ಇದನ್ನು ಕಂಡರೆ ಕನಿಕರ. "ಎರಡು ನಿಮಿಷದ ಕೆಲಸ. ಮನೇಲೇ ಕೂತು ಮಾಡಬಹುದಿತ್ತಲ್ಲ." ಈ ಎರಡು ನಿಮಿಷವನ್ನು ಅಳೆದವರು ಅದಕ್ಕೆ ಮುಂಚಿನ ಹದಿನೈದು ವರ್ಷಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ: ಇಂಗ್ಲಿಷ್ ಶಾಲೆ, ಇಂಜಿನಿಯರಿಂಗ್ ಕಾಲೇಜು, ಸ್ವಂತ ಲ್ಯಾಪ್‌ಟಾಪು, ತಪ್ಪು ಬಟನ್ ಒತ್ತಿದರೆ ಬೈಯಲು ಯಾರೂ ಇಲ್ಲದ ಕೆಲಸ. ಇನ್ನೊಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ಸನದ್ ಸರದಿಯಲ್ಲಿ ಒಮ್ಮೊಮ್ಮೆ ಓಯಸಿಸ್ಸಿನವರೂ ಕಾಣುತ್ತಾರೆ. ಪೋರ್ಟಲಿನ ಮೊದಲ ಪುಟ ಇಂಗ್ಲಿಷಿನಲ್ಲಿದ್ದು ಮೂರನೇ ಪುಟಕ್ಕೆ ಅರಬ್ಬಿಯಾಗಿರುತ್ತದೆ. ಬಲದಿಂದ ಎಡಕ್ಕೆ ಓಡುವ ಆ ಅಕ್ಷರಗಳೆದುರು ಇಂಜಿನಿಯರೂ ಅಡುಗೆಯವನೂ ಸರಿಸಮಾನ ನಿರಕ್ಷರಿಗಳು. ಗುರುತು ಹಿಡಿಯುವುದು ಸುಲಭ: ಅವರು ಕಾರನ್ನು ಎರಡು ಬೀದಿ ಆಚೆ ನಿಲ್ಲಿಸಿ ನಡೆದುಕೊಂಡು ಬಂದಿರುತ್ತಾರೆ.

ಬತಾಕದ ಚಿಪ್ಪಿನೊಳಗೆ ವಿದ್ಯುನ್ಮಾನ ಗುರುತು ಇದೆ, ಅದಕ್ಕೊಂದು ಪಿನ್ ಇದೆ, ಆ ಪಿನ್ ಯಾರಿಗೂ ಹೇಳಬೇಡಿ ಎಂಬ ಉಪದೇಶವೂ ಇದೆ. ಹಮ್ರಿಯಾದ ಕೋಣೆಯಲ್ಲಿ ಯಾರಾದರೊಬ್ಬನನ್ನು ವಿಚಾರಿಸಿ ನೋಡಿ. ಅವನ ಪಿನ್ ಕಂಪನಿಯ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವ ಮಂದೂಬನಿಗೆ ಗೊತ್ತು, ಅರ್ಜಿ ತುಂಬಿದವರಿಗೆ ಗೊತ್ತು, ಮೇಲಿನ ಮಂಚದವನಿಗೆ ಗೊತ್ತು. ಗೊತ್ತಿಲ್ಲದವನು ಅವನೊಬ್ಬನೇ. ಉಪದೇಶವನ್ನು ಇದಕ್ಕಿಂತ ನಿಷ್ಠೆಯಿಂದ ಪಾಲಿಸಲು ಸಾಧ್ಯವೇ?

ಈಗ ಎರಡು ಜಾತಿಗಳೂ ಎದುರುಬದುರಾಗುವ ಗಳಿಗೆ. ಬರ್ಕಾದ ಎ.ಸಿ. ಮೆಕ್ಯಾನಿಕ್ ಒಬ್ಬ, ಊರಿನವರೇ ಎಂಬ ಸಲುಗೆಯಿಂದ, ರುಸೈಲಿನ ಸಾಹೇಬರಿಗೆ ಫೋನು ಮಾಡುತ್ತಾನೆ ಎನ್ನಿ.

"ಸರ್, ಆ್ಯಪು ಒಳಗೆ ಬಿಡುದೇ ಇಲ್ಲ."

"ಏನು ಎರರ್ ಬರ್ತಿದೆ?"

"ಕೆಂಪು ಬಣ್ಣದ್ದು."

"ಅದರಲ್ಲಿ ಏನು ಬರೆದಿದೆ?"

"ಇಂಗ್ಲಿಷಲ್ಲಿ ಎಂತದೋ ಉಂಟು. ಓ, ಈಗ ಹೋಯ್ತು."

"ಕ್ಯಾಶ್ ಕ್ಲಿಯರ್ ಮಾಡಿದ್ರಾ?"

"ಕ್ಯಾಶ್ ಎಲ್ಲ ಒಂದನೇ ತಾರೀಕಿಗೇ ಕ್ಲಿಯರ್ ಸರ್. ಊರಿಗೆ ಕಳ್ಸಿ ಆಯ್ತು."

"ಅಯ್ಯೋ... ಒಂದು ಕೆಲಸ ಮಾಡಿ, ಟಿಕೆಟ್ ರೈಸ್ ಮಾಡಿ."

"ಟಿಕೆಟು ಕಂಪೆನಿಯವರು ಎರಡು ವರ್ಷಕ್ಕೊಮ್ಮೆ ಕೊಡುದು ಸರ್. ನಂದು ಬರುವ ಮಾರ್ಚಿಗೆ."

ಈ ಸಂಭಾಷಣೆ ಬೌಶರಿನ ಗುರುವಾರ ರಾತ್ರಿಯ ಕೂಟಗಳಲ್ಲಿ ನಗೆಹನಿಯಾಗಿ ಓಡಾಡುತ್ತದೆ. ಹೇಳುವವರು ಮೆಕ್ಯಾನಿಕ್‌ನ ಧ್ವನಿಯನ್ನು ಚೆನ್ನಾಗಿ ಅನುಕರಿಸುತ್ತಾರೆ. ಜೂನ್ ತಿಂಗಳ ಒಂದು ಮಧ್ಯಾಹ್ನ ಅದೇ ಸಾಹೇಬರ ಫ್ಲ್ಯಾಟಿನ ಎ.ಸಿ. ನಿಲ್ಲುತ್ತದೆ. ಸಾಹೇಬರು ಅದೇ ಮೆಕ್ಯಾನಿಕ್‌ಗೆ ಫೋನು ಮಾಡಿ ಹೇಳುವುದು ಇಷ್ಟೇ: "ಕೂಲಿಂಗ್ ಬರ್ತಾ ಇಲ್ಲ ಮಾರಾಯ." ಅವನು "ಕೆಪಾಸಿಟರ್ ನೋಡಿದಿರಾ? ಗ್ಯಾಸ್ ಪ್ರೆಶರ್ ಎಷ್ಟು ಉಂಟು?" ಎಂದು ಕೇಳುವುದಿಲ್ಲ. ಕೇಳಿ, ಸಾಹೇಬರು ತಬ್ಬಿಬ್ಬಾದದ್ದನ್ನು ಆರು ಮಂಚಗಳ ಕೋಣೆಯಲ್ಲಿ ಅನುಕರಿಸಿ ತೋರಿಸುವುದಿಲ್ಲ. ಏಣಿ ಹಿಡಿದುಕೊಂಡು ಬರುತ್ತಾನೆ.

ತಾವೇ ಜಗತ್ತು, ಉಳಿದವರು ಹಿಂದುಳಿದ ಅಲ್ಪಸಂಖ್ಯಾತರು ಎಂಬ ಭ್ರಮೆ ಮೊದಲ ಜಾತಿಗೆ ಗಟ್ಟಿಯಾಗಿದೆ. ಅದನ್ನು ಒಡೆಯುವ ಒಂದು ಲೆಕ್ಕ ಇದೆ. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ 2011ರಿಂದ 2015ರ ನಡುವೆ 33 ದೇಶಗಳಲ್ಲಿ 16ರಿಂದ 65 ವಯಸ್ಸಿನ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಕೂರಿಸಿ ಕಂಪ್ಯೂಟರ್ ಕೆಲಸ ಕೊಟ್ಟು ನೋಡಿತು. ನಾಲ್ವರಲ್ಲಿ ಒಬ್ಬರಿಗೆ ಕಂಪ್ಯೂಟರ್ ಬಳಸಲಿಕ್ಕೇ ಬರಲಿಲ್ಲ. ಕೊಂಚ ಸುತ್ತುಬಳಸಿನ ಕೆಲಸ, ಉದಾಹರಣೆಗೆ ಕಳೆದ ತಿಂಗಳು ಇಂಥವರು ಕಳಿಸಿದ ಇಮೇಲುಗಳಲ್ಲಿ ಇಂಥ ವಿಷಯದವು ನೂರಕ್ಕೆಷ್ಟು ಎಂದು ಹುಡುಕುವಂಥದ್ದು, ಮಾಡಬಲ್ಲವರು ನೂರಕ್ಕೆ ಐದು ಮಂದಿ ಮಾತ್ರ. ಒಮಾನ್ ಆ ಪಟ್ಟಿಯಲ್ಲಿರಲಿಲ್ಲ, ಭಾರತವೂ ಇರಲಿಲ್ಲ. ಇದ್ದದ್ದು ಜರ್ಮನಿ, ಜಪಾನು, ಅಮೆರಿಕದಂಥವು. ಆ ಐದು ಮಂದಿ ತಮ್ಮಂತೆಯೇ ಇರುವ ಇನ್ನೈದು ಮಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆ್ಯಪು ಕಟ್ಟುತ್ತಾರೆ. ಉಳಿದ ತೊಂಬತ್ತೈದು ಮಂದಿ ಅದನ್ನು ತೆರೆದು ತಮ್ಮನ್ನು ತಾವೇ ದಡ್ಡರೆಂದು ಬೈದುಕೊಳ್ಳುತ್ತಾರೆ. ಇಷ್ಟು ವಿನಯವಂತ ಬಹುಸಂಖ್ಯಾತರು ಚುನಾವಣೆಗೆ ನಿಂತವರಿಗೂ ಸಿಕ್ಕಿರಲಿಕ್ಕಿಲ್ಲ.

ಹಾಗೂ ಹೀಗೂ ಕಲಿತುಕೊಂಡರು ಎನ್ನುವಷ್ಟರಲ್ಲಿ ಅಪ್‌ಡೇಟ್ ಬರುತ್ತದೆ. ಮಸ್ಕತ್ತಿನಲ್ಲಿ ಹಳಬರು ದಾರಿ ಹೇಳುವುದು ರೌಂಡ್‌ಅಬೌಟುಗಳ ಲೆಕ್ಕದಲ್ಲಿ. ಹಲವನ್ನು ಕಿತ್ತು ಸಿಗ್ನಲ್ಲು, ಮೇಲ್ಸೇತುವೆ ಮಾಡಿದ ಮೇಲೂ ಇಲ್ಲದ ವೃತ್ತದ ಹೆಸರಿನಲ್ಲೇ ಟ್ಯಾಕ್ಸಿಯವನಿಗೆ ವಿಳಾಸ ಹೇಳುತ್ತಾರೆ, ಅವನೂ ಸರಿಯಾಗಿ ತಲುಪಿಸುತ್ತಾನೆ. ಫೋನಿನೊಳಗೂ ಜನ ನಡೆಯುವುದು ಹಾಗೆಯೇ. ಮೆನು ಓದಿಯಲ್ಲ, ಜಾಗ ನೋಡಿ: ಕೆಳಗಿನಿಂದ ಎರಡನೆಯದು, ನೀಲಿ, ಅದರೊಳಗೆ ಮನೆಯ ಚಿತ್ರ. ಒಂದು ರಾತ್ರಿ ನೀಲಿ ನೇರಳೆಯಾಗುತ್ತದೆ, ಮನೆ ಮಾಯವಾಗಿ ಮೂರು ಗೆರೆ ಬರುತ್ತದೆ. ಸಾಹೇಬರು ಇದನ್ನು ಅನುಭವದ ಸುಧಾರಣೆ ಎನ್ನುತ್ತಾರೆ. ಯಾರ ಅನುಭವ ಎಂದು ಕೇಳಬಾರದು. ಕೇಳಿದರೆ, ಅನುಭವವನ್ನು ವಿನ್ಯಾಸ ಮಾಡುವವರೇ ಬೇರೆ ಇದ್ದಾರೆ ಎಂಬ ಉತ್ತರ ಬರುತ್ತದೆ.

ಪಾಸ್‌ವರ್ಡಿನ ಕಥೆ ಇನ್ನೂ ಚೆಂದ. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ವಿಚಿತ್ರ ಚಿಹ್ನೆ, ಮೇಲಿಂದ ಮೇಲೆ ಬದಲಾವಣೆ. ಈ ನೇಮನಿಷ್ಠೆಗೆ ಮೂಲ 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆಯಲ್ಲಿ ಬಿಲ್ ಬರ್ ಎಂಬುವರು ಬರೆದ ಮಾರ್ಗಸೂಚಿ. ಅವರು ನಿವೃತ್ತರಾದ ಮೇಲೆ, 2017ರಲ್ಲಿ, ತಾನು ಬರೆದದ್ದರಲ್ಲಿ ಬಹುಪಾಲಿಗೆ ಈಗ ವಿಷಾದವಿದೆ ಎಂದು ಪತ್ರಿಕೆಗೆ ಹೇಳಿದರು. ಸಂಸ್ಥೆಯೂ ಅದೇ ವರ್ಷ ನಿಯಮ ಸಡಿಲಿಸಿತು. ಆ ಸುದ್ದಿ ಅಮೆರಿಕದಿಂದ ಹೊರಟದ್ದೇನೋ ನಿಜ, ನಮ್ಮ ಬ್ಯಾಂಕುಗಳಿಗೆ ಇನ್ನೂ ಮುಟ್ಟಿದ ಹಾಗಿಲ್ಲ. ಋಷಿಯೇ ಶಾಪ ಹಿಂತೆಗೆದುಕೊಂಡರೂ ಶಿಷ್ಯರು ಬಿಡಲೊಲ್ಲರು. ಹೀಗಾಗಿ ರೂವಿಯ ಹೋಟೆಲಿನ ಕ್ಯಾಶ್ ಕೌಂಟರಿನ ಗಾಜಿನ ಕೆಳಗೆ, ಗಣಪತಿಯ ಪಟದ ಪಕ್ಕದಲ್ಲಿ, ಪಾಸ್‌ವರ್ಡು ಬರೆದ ಚೀಟಿ ಎಲ್ಲರಿಗೂ ದರ್ಶನ ಕೊಡುತ್ತಿರುತ್ತದೆ.

ಇನ್ನು ಓಟಿಪಿ. ಇದಕ್ಕೆ ಸ್ವಲ್ಪ ವಿಸ್ತಾರವಾದ ಪುರಾಣವೇ ಬೇಕು.

ಬೈಂದೂರು ಕಡೆಯವನೊಬ್ಬ ಬರ್ಕಾದ ತೋಟದಲ್ಲಿದ್ದಾನೆ. ಊರಲ್ಲಿ ಅವನ ಹೆಸರಲ್ಲಿ ಹತ್ತು ಸೆಂಟ್ಸ್ ಜಾಗ. ಪಹಣಿಗೆ ಆಧಾರ್ ಜೋಡಿಸಿ ಎಂದು 2024ರಲ್ಲಿ ಕರ್ನಾಟಕದ ಕಂದಾಯ ಇಲಾಖೆ ಊರೂರಿಗೆ ಹೇಳಿತು. ಒಳ್ಳೆಯ ಕೆಲಸ. ಆದರೆ ಆಧಾರಿನ ಓಟಿಪಿ ಬರುವುದು ಭಾರತದ ಮೊಬೈಲ್ ಸಂಖ್ಯೆಗೆ ಮಾತ್ರ. ಇವನ ಊರಿನ ಸಿಮ್ಮು ಮೂರು ತಿಂಗಳು ಮುಟ್ಟದೆ ಇದ್ದದ್ದಕ್ಕೆ ಸತ್ತು, ಆ ಸಂಖ್ಯೆ ಬೇರೆ ಯಾರದೋ ಪಾಲಾಗಿದೆ. ಕಳೆದ ರಜೆಯಲ್ಲಿ ಹೋಗಿದ್ದಾಗ ಜಾಣತನ ಮಾಡಿ ಆಧಾರಿಗೆ ಅಮ್ಮನ ಸಂಖ್ಯೆ ಕೊಟ್ಟು ಬಂದಿದ್ದಾನೆ. ಅಮ್ಮನದು ಬಟನ್ ಫೋನು.

ಸರಿ, ಅರ್ಜಿಯ ಪುಟ ತೆರೆದು ಓಟಿಪಿ ಕಳಿಸು ಎಂದು ಒತ್ತಿದ. ಹತ್ತು ನಿಮಿಷದ ಆಯುಷ್ಯ ಹೊತ್ತ ಆರು ಅಂಕಿ ಬೈಂದೂರಿನ ಅಡುಗೆಮನೆಯಲ್ಲಿ ಟಿಣ್ ಎಂದಿತು. ಅಮ್ಮ ಕೊಟ್ಟಿಗೆಯಲ್ಲಿದ್ದಾರೆ. ಇವನು ಪಕ್ಕದ ಮನೆಯ ಹುಡುಗನಿಗೆ ವಾಟ್ಸಾಪಿನಲ್ಲಿ ಕರೆ ಮಾಡೋಣ ಎಂದರೆ ಒಮಾನಿನಲ್ಲಿ ವಾಟ್ಸಾಪ್ ಕರೆ ಹೋಗುವುದಿಲ್ಲ. 2020ರ ಮಾರ್ಚಿನಲ್ಲಿ, ಶಾಲೆ ಕಚೇರಿಗಳೆಲ್ಲ ಮನೆಗೆ ಬಂದಾಗ, ಜೂಮ್, ಗೂಗಲ್ ಮೀಟ್‌ಗಳಿಗೆ ಬಾಗಿಲು ತೆರೆಯಿತು. ಮೀಟಿಂಗ್ ಇರುವವರಿಗೆ ಅನುಕೂಲವಾಯಿತು; ಅಮ್ಮ ಇರುವವರಿಗೆ ಅಷ್ಟಾಗಿ ಇಲ್ಲ. ಬಟನ್ ಫೋನಿನ ಅಮ್ಮಂದಿರಿಗೆ ಮೀಟಿಂಗ್ ಲಿಂಕ್ ಕಳಿಸಿ ಅಭ್ಯಾಸವಿರುವವರು ಯಾರಿದ್ದಾರೆ? ಮೊದಲ ಜಾತಿಯವರ ಬಳಿ ಇದಕ್ಕೊಂದು ಉಪಾಯ ಇದೆಯಂತೆ, ಅದನ್ನು ಅಂಕಣದಲ್ಲಿ ಬರೆಯುವಂತಿಲ್ಲ.

ಕೊನೆಗೆ ಆ ಹುಡುಗನಿಗೆ ವಾಯ್ಸ್ ಮೆಸೇಜು ಹೋಯಿತು. ಅವನು ಕ್ರಿಕೆಟ್ ಬಿಟ್ಟು ಓಡಿದ. ಅಮ್ಮನ ಫೋನಿನ ಇನ್‌ಬಾಕ್ಸಿನಲ್ಲಿ ಸಾಲ ಕೊಡುವವರ ಸಂದೇಶಗಳ ರಾಶಿ. ಅದರೊಳಗಿಂದ ಒಂದು ಆರಂಕಿ ಹೆಕ್ಕಿ ಓದಿ ಕಳಿಸಿದ. ಅದು ನಿನ್ನೆಯ ಗ್ಯಾಸ್ ಸಿಲಿಂಡರಿನದ್ದು. ಎರಡನೆಯ ಸಲ ಸರಿಯಾದದ್ದನ್ನೇ ಕಳಿಸಿದ, ಆದರೆ ಆರನ್ನು ಒಂಬತ್ತೆಂದು ಓದಿದ್ದ. ಮೂರನೆಯ ಸಲ ಎಲ್ಲ ಸರಿ, ಹತ್ತು ನಿಮಿಷ ಕಳೆದಿತ್ತು. ಇಪ್ಪತ್ತನಾಲ್ಕು ಗಂಟೆ ಬಿಟ್ಟು ಪ್ರಯತ್ನಿಸಿ ಎಂದು ಪರದೆ ಹೇಳಿತು. ಈ ಇಡೀ ಸಾಹಸದಲ್ಲಿ ಪಾಲ್ಗೊಂಡವರು: ಒಬ್ಬ ತೋಟದವನು, ಒಬ್ಬಳು ಅಮ್ಮ, ಒಬ್ಬ ವಿಕೆಟ್ ಕೀಪರ್, ಎರಡು ದೇಶಗಳ ದೂರವಾಣಿ ಜಾಲ. ಉದ್ದೇಶ: ಅವನು ಅವನೇ ಎಂದು ಸಾಬೀತು ಮಾಡುವುದು.

ಇಂಥವನಿಗೆಂದೇ ನಮ್ಮ ಸರ್ಕಾರವೂ ಬಹಳ ಯೋಚಿಸಿದೆ. ಹತ್ತನೇ ತರಗತಿ ಮುಗಿಸದವರು ಒಮಾನ್ ಸೇರಿ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆ ಅನುಮತಿ ಬೇಕು. ಅದಕ್ಕೆ ಇ-ಮೈಗ್ರೇಟ್ ಎಂಬ ಪೋರ್ಟಲಿದೆ. ಹೋದ ಮೇಲೆ ಕಷ್ಟವಾದರೆ ದೂರು ಹೇಳಲು 2015ರಿಂದ ಮದದ್ ಎಂಬ ಇನ್ನೊಂದು ಪೋರ್ಟಲಿದೆ. ಹತ್ತನೇ ತರಗತಿ ದಾಟಿಲ್ಲದಿರುವುದೇ ಅರ್ಹತೆಯಾಗಿರುವ ಕೆಲಸಕ್ಕೆ ಲಾಗಿನ್ ಐಡಿ, ಪಾಸ್‌ವರ್ಡು, ನಿಗದಿತ ಅಳತೆಯೊಳಗಿನ ಪಿಡಿಎಫ್. ದೂರದೃಷ್ಟಿ ಎಂದರೆ ಇದು. ಹತ್ತಿರದ್ದು ಮಾತ್ರ ಕಾಣದು.

2023ರ ಜನವರಿಯಲ್ಲಿ ಇನ್ನೊಂದು ಸಿಹಿಸುದ್ದಿ ಬಂತು. ಅನಿವಾಸಿಗಳು ತಾವಿರುವ ದೇಶದ ಮೊಬೈಲ್ ಸಂಖ್ಯೆಯಲ್ಲೇ ಯುಪಿಐ ಬಳಸಬಹುದು. ಆರಿಸಿದ 10 ದೇಶಗಳಲ್ಲಿ ಒಮಾನೂ ಒಂದು. ಮೊದಲ ಜಾತಿ ಆವತ್ತೇ ಸ್ಟೇಟಸ್ ಹಾಕಿತು. ಎರಡನೆಯ ಜಾತಿ ಯಥಾಪ್ರಕಾರ ಸಂಬಳದ ಮರುದಿನ ರೂವಿಯ ಎಕ್ಸ್‌ಚೇಂಜಿನಲ್ಲಿ ಸಾಲು ನಿಂತಿತು. ಅನಿವಾಸಿ ಖಾತೆ ಇದ್ದರೆ ತಾನೇ ಅದು? ಮೇಲಾಗಿ ಎಕ್ಸ್‌ಚೇಂಜಿನ ಕಿಟಕಿಯಾಚೆ ಕೂತ ಮನುಷ್ಯ ಮಲಯಾಳಂನಲ್ಲೋ ಹಿಂದಿಯಲ್ಲೋ "ಹೋಯ್ತು, ನಾಳೆ ಬೆಳಿಗ್ಗೆ ಸಿಗ್ತದೆ" ಎನ್ನುತ್ತಾನೆ. ಆ ಒಂದು ಮಾತನ್ನು ಯಾವ ಆ್ಯಪೂ ಹೇಳುವುದಿಲ್ಲ. ಅದು ಒಂದು ಚಕ್ರ ತಿರುಗಿಸುತ್ತದೆ, ಹಸಿರು ಗೀಟು ತೋರಿಸುತ್ತದೆ, ಹನ್ನೆರಡು ತಿಂಗಳ ಉಳಿತಾಯ ಎಲ್ಲಿಗೆ ಹೋಯಿತೆಂದು ನೀವೇ ನಂಬಿಕೊಳ್ಳಬೇಕು.

ಇಷ್ಟಾಗಿ ಮೊದಲ ಜಾತಿಯ ಜ್ಞಾನವೂ ಒಂದು ಕಡೆ ಬಂದು ಮುಗ್ಗರಿಸುತ್ತದೆ, ಅದು ಕನ್ನಡ. ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೇಳಿ ನೋಡಿ. ಕ್ಲೌಡು, ಕುಬರ್ನೆಟೀಸು ಬಲ್ಲವರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಕಳಿಸುತ್ತಾರೆ. "ಫೋನಲ್ಲಿ ಕನ್ನಡ ಫಾಂಟ್ ಇಲ್ಲ" ಎನ್ನುತ್ತಾರೆ, ಆ ಫೋನು ಕನ್ನಡವನ್ನು ಜೇಬಲ್ಲಿಟ್ಟುಕೊಂಡೇ ಅಂಗಡಿಯಿಂದ ಬಂದದ್ದೆಂದು ತಿಳಿಯದೆ. ಕನ್ನಡಕ್ಕೆ ಸರಳವಾದ ಕೀಲಿಮಣೆ ಹೊಂದಿಸಿಕೊಟ್ಟ ಕೆ.ಪಿ. ರಾಯರು ಮಂಗಳೂರು ಬಳಿಯ ಕಿನ್ನಿಕಂಬಳದವರು. ಇಲ್ಲಿನ ಅರ್ಧಕ್ಕರ್ಧ ಕನ್ನಡಿಗರ ಊರಿನ ಬಗಲಿನವರು. ಅವರ ವಿನ್ಯಾಸ ಹಿಡಿದು ನುಡಿ ತಂತ್ರಾಂಶ ಬಂತು, ಅದಕ್ಕೂ ಮೊದಲು ಬರಹ ಬಂದಿತ್ತು, ಕೊನೆಗೆ ಯೂನಿಕೋಡ್ ಬಂತು. ಸಂಚಿಕೆಯ ಕೊನೆಯ ರಾತ್ರಿ ಹಳೇ ನುಡಿಯ ಕಡತ ಹೊಸ ಲ್ಯಾಪ್‌ಟಾಪಿನಲ್ಲಿ ಚಿತ್ರಲಿಪಿಯಾಗಿ ತೆರೆದುಕೊಂಡಾಗ ಐವರು ಇಂಜಿನಿಯರುಗಳು ಸುತ್ತ ನಿಂತು ಮಾಡುವ ಕೆಲಸ ಒಂದೇ: ರೀಸ್ಟಾರ್ಟ್. ಬಿಡಿಸುವವನು ಹೋಟೆಲಿನಲ್ಲಿ ಬಿಲ್ ಬರೆಯುವ ಒಬ್ಬ, ಊರಲ್ಲಿದ್ದಾಗ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದವನು. "ಇದು ಆಸ್ಕಿ ಸರ್, ಕನ್ವರ್ಟ್ ಮಾಡ್ಬೇಕು" ಎನ್ನುತ್ತಾನೆ. ಅವನನ್ನು ಸಂಚಿಕೆಯ ಸಂಪಾದಕ ಮಂಡಲಿಯಲ್ಲಿ ಹುಡುಕಬೇಡಿ. 'ಸಹಕರಿಸಿದ ಎಲ್ಲರಿಗೂ' ಎಂಬ ಸಾಲಿನಲ್ಲಿ ಇರುತ್ತಾನೆ.

ಇಷ್ಟು ದೊಡ್ಡ ಕಂದರದಲ್ಲಿ ಎರಡೂ ದಡಗಳನ್ನು ಬಲ್ಲವರು, ತಂತ್ರಜ್ಞಾನವನ್ನೂ ಮನುಷ್ಯನನ್ನೂ ಸಮನಾಗಿ ಅರಿತವರು ಯಾರೂ ಇಲ್ಲವೇ? ಇದ್ದಾರೆ. ಅವರಿಗೆ ವಂಚಕರು ಎಂದು ಹೆಸರು.

ತಮಾಷೆಯಲ್ಲ. ಬ್ಯಾಂಕಿನಿಂದ ಎಂದು ಹೇಳಿಕೊಂಡು ಬರುವ ಮೋಸದ ಕರೆಯನ್ನು ಒಮ್ಮೆ ಕಿವಿಗೊಟ್ಟು ಕೇಳಿ. ರಾಯಲ್ ಒಮಾನ್ ಪೊಲೀಸರು ಈ ಕರೆಗಳ ಬಗ್ಗೆ ಎಚ್ಚರಿಸುತ್ತಲೇ ಇದ್ದಾರೆ, ಕರೆಗಳು ಬರುತ್ತಲೇ ಇವೆ. ಬಳಕೆದಾರನ ಸೇವೆ ಎಂದರೆ ಏನೆಂದು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೊದಲನೆಯದಾಗಿ, ಅವರೇ ಕರೆ ಮಾಡುತ್ತಾರೆ. ಅರಬ್ಬಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎನ್ನುವುದಿಲ್ಲ; ನಿಮ್ಮ ಹೆಸರಿನಿಂದಲೇ ನಿಮ್ಮ ಭಾಷೆ ಊಹಿಸಿ ಬಂದಿರುತ್ತಾರೆ. "ಭಾಯಿಸಾಬ್, ನಿಮ್ಮ ಎಟಿಎಂ ಕಾರ್ಡು ಬಂದ್ ಆಗಿದೆ. ಗಾಬರಿ ಬೇಡ, ನಾನಿದ್ದೇನೆ. ಊಟ ಆಯ್ತಾ?" ಕನ್ನಡಕ ಹುಡುಕಬೇಕು ಎಂದರೆ, "ಆರಾಮಾಗಿ ಹುಡುಕಿ, ನಾನು ಲೈನಿನಲ್ಲೇ ಇರ್ತೇನೆ." ಎರರ್ ಕೋಡ್ ಕೇಳುವುದಿಲ್ಲ. ಕ್ಯಾಶ್ ಕ್ಲಿಯರ್ ಮಾಡಿದಿರಾ ಎನ್ನುವುದಿಲ್ಲ, ಅದನ್ನು ಅವರೇ ಮಾಡಿಕೊಡುತ್ತಾರೆ. "ಪರದೆಯ ಕೆಳಗೆ ಹಸಿರು ಬಟನ್ ಕಾಣ್ತಿದೆಯಾ? ಅದನ್ನು ಒತ್ತಿ. ಶಾಬಾಶ್." ಶಾಬಾಶ್! ಇಷ್ಟು ವರ್ಷ ಫೋನು ಬಳಸಿದವನಿಗೆ ಯಾರಾದರೂ ಶಾಬಾಶ್ ಎಂದದ್ದು ಅದೇ ಮೊದಲು. ಲೈನು ಕಡಿದರೆ ಮತ್ತೆ ಅವರೇ ಮಾಡುತ್ತಾರೆ. ಕೆಲಸ ಪೂರ್ತಿಯಾಗುವವರೆಗೆ ಬಿಡುವುದಿಲ್ಲ. ಓಯಸಿಸ್ಸಿನಲ್ಲಿ ಇಂಥ ನಿಷ್ಠೆ ತೋರಿಸಿದ ಸಹಾಯವಾಣಿಯನ್ನು ಯಾರಾದರೂ ಕಂಡಿದ್ದರೆ ತಿಳಿಸಿ, ಸನ್ಮಾನ ಇಟ್ಟುಕೊಳ್ಳೋಣ.

ಇದರ ಪರಿಣಾಮ ಏನೆಂದರೆ, ಒಮ್ಮೆ ಪೆಟ್ಟು ತಿಂದವನು ಮುಂದೆ ದಯೆಯ ಧ್ವನಿಯನ್ನೇ ನಂಬುವುದಿಲ್ಲ. ಅವನ ಕಾರ್ಡಿನಲ್ಲಿ ಏನೋ ವ್ಯತ್ಯಾಸ ಕಂಡು ನಿಜವಾದ ಬ್ಯಾಂಕಿನವರು ಕರೆ ಮಾಡಿದರೆ "ಖಲ್ಲಿ ವಲ್ಲಿ" ಎಂದು ಬೈದು ಕಟ್ ಮಾಡುತ್ತಾನೆ. ಒರಟಾಗಿ, ಇಂಗ್ಲಿಷಿನಲ್ಲಿ, ಅರ್ಧದಲ್ಲೇ ಕಾಯಿಸಿ ಮಾತಾಡಿದರೆ ಮಾತ್ರ ಇದು ಅಸಲಿ ಬ್ಯಾಂಕು ಎಂದು ಅವನಿಗೆ ಸಮಾಧಾನ. ಬ್ಯಾಂಕುಗಳೂ ಅವನ ನಂಬಿಕೆಗೆ ದ್ರೋಹ ಬಗೆಯುತ್ತಿಲ್ಲ.

ಎರಡನೆಯ ಜಾತಿ ಮಾತ್ರ ಮೋಸ ಹೋಗುತ್ತದೆ ಎಂದು ಬೌಶರಿನ ಕೂಟ ನೆಮ್ಮದಿಯಿಂದಿತ್ತು. 2024ರ ಅಕ್ಟೋಬರಿನಲ್ಲಿ ಪ್ರಧಾನಿ ತಮ್ಮ ಮನ್ ಕಿ ಬಾತ್‌ನಲ್ಲಿ 'ಡಿಜಿಟಲ್ ಅರೆಸ್ಟ್' ಎಂಬ ಹೊಸ ನಾಟಕದ ಧ್ವನಿಮುದ್ರಿಕೆ ಕೇಳಿಸಿದರು. ಅದರಲ್ಲಿ ನಕಲಿ ಪೊಲೀಸನಿಗೆ ಉತ್ತರ ಕೊಡುತ್ತಿದ್ದವರು ನಮ್ಮ ವಿಜಯಪುರದವರೇ. ಪಾಪ, ಸಣ್ಣ ಊರು ಎಂದರು ಕೂಟದವರು. ಅದೇ ವರ್ಷದ ಕೊನೆಗೆ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಅದೇ ನಾಟಕಕ್ಕೆ ಸಿಕ್ಕಿ 11 ಕೋಟಿ 80 ಲಕ್ಷ ರೂಪಾಯಿ ಕಳೆದುಕೊಂಡ ಸುದ್ದಿ ಬಂತು. ಕೂಟದಲ್ಲಿ ಸ್ವಲ್ಪ ಹೊತ್ತು ಯಾರೂ ಮೆಕ್ಯಾನಿಕ್‌ನ ಧ್ವನಿ ಅನುಕರಿಸಲಿಲ್ಲ. ಎರಡು ಜಾತಿಗಳನ್ನೂ ಸಮಾನವಾಗಿ ಕಂಡ ಏಕೈಕ ಪಂಗಡವೆಂದು ವಂಚಕರ ಹೆಸರನ್ನು ಮುಂದಿನ ರಾಜ್ಯೋತ್ಸವದ ಭಾಷಣದಲ್ಲಿ ಸೇರಿಸಿಕೊಳ್ಳಬಹುದು.

ಆದ್ದರಿಂದ ನನ್ನದೊಂದು ನಮ್ರ ಸಲಹೆ. ಎಲ್ಲ ಬ್ಯಾಂಕು, ದೂರಸಂಪರ್ಕ ಕಂಪನಿ, ಪೋರ್ಟಲುಗಳ ಸಹಾಯವಾಣಿಯನ್ನು ವಂಚಕರಿಗೆ ಗುತ್ತಿಗೆ ಕೊಡಿ. ತರಬೇತಿಯ ಖರ್ಚಿಲ್ಲ. ಭಾಷೆಗಳು ಅವರಿಗೆ ಮೊದಲೇ ಬರುತ್ತವೆ. ಗಿರಾಕಿಗಳ ಪಟ್ಟಿ, ಹೆಸರು, ಫೋನ್ ಸಂಖ್ಯೆ ಕೊಡುವ ಗೋಜೂ ಇಲ್ಲ, ಅದು ಅವರ ಹತ್ತಿರ ನಮ್ಮಲ್ಲಿರುವುದಕ್ಕಿಂತ ಚೊಕ್ಕಟವಾಗಿದೆ. ಆ್ಯಪು ಬಿಡುಗಡೆಗೆ ಮುಂಚೆ ಅವರ ಮುಂದಿಟ್ಟರೆ, ಬರ್ಕಾದ ತೋಟದವನು ಯಾವ ಪುಟದಲ್ಲಿ ಬೆವರುತ್ತಾನೆ, ಬೈಂದೂರಿನ ಅಮ್ಮ ಯಾವ ಸಂದೇಶಕ್ಕೆ ಹೆದರುತ್ತಾಳೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಬಟನ್ ಹಸಿರಿರಬೇಕೋ ನೇರಳೆಯೋ ಎಂಬ ಪ್ರಶ್ನೆಗೆ ಅವರ ಅಭಿಪ್ರಾಯವೇ ಕಡೆಯದಾಗಬೇಕು. ಆ ಬಟನ್ ಒತ್ತಿಸಿಯೇ ಅವರ ಹೊಟ್ಟೆ ತುಂಬಬೇಕಾದ್ದರಿಂದ ಉಡಾಫೆ ಮಾಡುವ ಪ್ರಶ್ನೆಯೇ ಇಲ್ಲ.

ಈ ಸಲಹೆಯನ್ನು ಓಯಸಿಸ್ಸಿನ ಹಿರಿಯರೊಬ್ಬರ ಮುಂದಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡರು, ಅದೇ ದೊಡ್ಡದು.

"ಐಡಿಯಾ ಚೆನ್ನಾಗಿದೆ. ಆದರೆ ಒಬ್ಬೊಬ್ಬರ ಹತ್ತಿರ ಅಷ್ಟು ಹೊತ್ತು ಮಾತಾಡ್ತಾ ಕೂತರೆ ಸ್ಕೇಲ್ ಆಗಲ್ಲ" ಎಂದರು.

"ಹನ್ನೊಂದು ಕೋಟಿ ಎಂಬತ್ತು ಲಕ್ಷ ಸರ್, ಒಬ್ಬನೇ ಗಿರಾಕಿ" ಎಂದೆ.

ಅವರು ಫೋನು ತೆಗೆದು, ಅದು ಎಷ್ಟು ರಿಯಾಲ್ ಆಗುತ್ತದೆಂದು ಲೆಕ್ಕ ಹಾಕತೊಡಗಿದರು.